ಬಣ್ಣ ನಾವು ಹಚ್ಚುತ್ತೇವೆ, ಗೆರೆ ನೀವು ಕಾಯಿರಿ: ಮೂವರು ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ನಗರಾಭಿವೃದ್ಧಿ ಸಚಿವರೇ, ಕಂದಾಯ ಸಚಿವರೇ, ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರೇ,

ನಮಸ್ಕಾರ.

ಮೂವರಿಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ನಮ್ಮ ಊರಿನ ಒಂದು ಎಕರೆ ಜಮೀನು ಮುಂದೆ ಏನಾಗಬೇಕು ಅನ್ನುವುದನ್ನು ನೀವು ಮೂವರೂ ಬೇರೆ ಬೇರೆ ಕಡೆ ಕೂತು ತೀರ್ಮಾನಿಸುತ್ತೀರಿ. ಯಾವ ಜಾಗ ಯಾವುದಕ್ಕೆ ಅಂತ ನಕಾಶೆಗೆ ಬಣ್ಣ ಹಚ್ಚಿ ಹೇಳುವ ಮಾಸ್ಟರ್ ಪ್ಲಾನ್ ನಗರಾಭಿವೃದ್ಧಿ ಇಲಾಖೆಯದು. ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಾಯಿಸುವ ಕನ್ವರ್ಷನ್ ಕೊಡುವವರು ಡಿಸಿ, ಅಂದರೆ ಕಂದಾಯ ಇಲಾಖೆ. ಖಾತೆ ಮಾಡಿಕೊಡುವುದು, ತೆರಿಗೆ ಕಟ್ಟಿಸಿಕೊಳ್ಳುವುದು, ನಲ್ಲಿಯಲ್ಲಿ ನೀರು ಬರದಿದ್ದಾಗ ಬೈಸಿಕೊಳ್ಳುವುದು ಮಾತ್ರ ಪಂಚಾಯಿತಿ ಕೆಲಸ. ಇದರಲ್ಲಿ ಯಾರಿಗೆ ಅರ್ಜಿ ಕೊಟ್ಟರೂ ಅದು ಇನ್ನಿಬ್ಬರ ಕಡೆ ಹೋಗುತ್ತದೆ. ಅದಕ್ಕೇ ಈ ಸಲ ಮೂವರಿಗೂ ಒಟ್ಟಿಗೆ, ಎಲ್ಲರ ಎದುರಿಗೆ.

ನಾನು ಬೆಂಗಳೂರಿನ ಅಂಚಿನ ಒಂದು ಗ್ರಾಮ ಪಂಚಾಯಿತಿಯವನು. ಊರಿನ ಹೆಸರು ಬರೆಯುತ್ತಿಲ್ಲ. ಬರೆದರೆ ಇದು ಅದೊಂದೇ ಊರಿನ ತಕರಾರು ಅಂತ ಫೈಲ್ ಮುಚ್ಚಿಬಿಡುತ್ತೀರಿ. ಆನೇಕಲ್, ಹೊಸಕೋಟೆ, ನೆಲಮಂಗಲ, ಮಾಗಡಿ, ದೇವನಹಳ್ಳಿ, ಎಲ್ಲಿ ಹೋಗಿ ಕೇಳಿದರೂ ಹೆಚ್ಚು ಕಮ್ಮಿ ಇದೇ ಕಥೆ.

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಇಡೀ ರಾಜ್ಯಕ್ಕೆ ಒಂದೇ ನಿಯಮ ಮಾಡಿ ಬಿಗಿಯಾಗಿ ಹಿಡಿಯಬೇಕಾದ ವಿಷಯಗಳನ್ನು ಸರ್ಕಾರ ಸಡಿಲ ಬಿಡುತ್ತಿದೆ. ಊರಿನವರಿಗೆ ಬಿಡಬೇಕಾದ ವಿಷಯಗಳನ್ನು ಮುಷ್ಟಿಯಲ್ಲಿ ಹಿಡಿದು ಕೂತಿದೆ. ಕೆರೆಯಿಂದ ಎಷ್ಟು ದೂರ ಬಿಟ್ಟು ಮನೆ ಕಟ್ಟಬೇಕು ಅನ್ನುವುದು ನೀವು ಹೇಳಬೇಕಾದ್ದು. ಅದನ್ನು ವರ್ಷ ವರ್ಷ ಬದಲಾಯಿಸುತ್ತೀರಿ. ನಮ್ಮ ಊರಿನಲ್ಲಿ ಸಂತೆ ಎಲ್ಲಿ, ಮನೆ ಎಲ್ಲಿ, ಹೊಲ ಎಲ್ಲಿ ಉಳಿಯಬೇಕು ಅನ್ನುವುದು ನಾವು ಹೇಳಬೇಕಾದ್ದು. ಅದಕ್ಕೆ ಮಾತ್ರ ನಮ್ಮನ್ನು ಕೊನೆಗೆ, ಶಾಸ್ತ್ರಕ್ಕೆ ಕೇಳುತ್ತೀರಿ.

ಹೇಗೆ ಕೇಳುತ್ತೀರಿ ಅಂತ ಓದುವ ಬೇರೆಯವರಿಗೂ ಗೊತ್ತಾಗಲಿ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಪ್ರಕಾರ ಯಾವುದು ಸ್ಥಳೀಯ ಯೋಜನಾ ಪ್ರದೇಶ ಅಂತ ಘೋಷಿಸುವುದು ಸರ್ಕಾರ. ಯೋಜನಾ ಪ್ರಾಧಿಕಾರ ರಚಿಸುವುದು ಸರ್ಕಾರ. ಅದರ ಅಧ್ಯಕ್ಷರನ್ನು ನೇಮಿಸುವುದೂ ಸರ್ಕಾರವೇ (ನಿಗಮ ಮಂಡಳಿ ಪಟ್ಟಿ ಬಿಟ್ಟ ದಿನ ಯಾರ ಸಿಟ್ಟು ಇಳಿಸಲು ಯಾವ ಕುರ್ಚಿ ಕೊಟ್ಟರು ಅಂತ ನಾವೂ ಪೇಪರಿನಲ್ಲಿ ಓದುತ್ತೇವೆ). ಪ್ರಾಧಿಕಾರ ತಯಾರಿಸಿದ ಕರಡಿಗೆ ಮೊದಲು ಸರ್ಕಾರ ತಾತ್ಕಾಲಿಕ ಒಪ್ಪಿಗೆ ಕೊಡುತ್ತದೆ. ಅದಾದ ಮೇಲೆ ಜನರ ಸರದಿ. 60 ದಿನದಲ್ಲಿ ಆಕ್ಷೇಪಣೆ ಇದ್ದರೆ ಬರೆದು ಕೊಡಿ ಅಂತ ಪ್ರಕಟಣೆ ಬರುತ್ತದೆ. ಛತ್ರ ಬುಕ್ ಮಾಡಿ, ಲಗ್ನಪತ್ರಿಕೆ ಹಂಚಿ, ಆಮೇಲೆ ಹುಡುಗಿಯನ್ನು ಒಪ್ಪಿಗೆನಾ ಅಂತ ಕೇಳಿದ ಹಾಗೆ.

ಅಂಥದ್ದೊಂದು ಕರಡು ನೋಡಲು ಊರಿನ ನಾಲ್ಕಾರು ಜನರ ಜೊತೆ ನಾನೂ ಹೋಗಿದ್ದೆ. ಯಾವ ಕಚೇರಿ ಅನ್ನುವುದು ಇಲ್ಲಿ ಬೇಡ. ಮೆಟ್ಟಿಲಿನ ಪಕ್ಕದ ಗೋಡೆಗೆ ಫ್ಲೆಕ್ಸ್‌ನಲ್ಲಿ ಪ್ರಿಂಟ್ ಹಾಕಿಸಿದ ನಕಾಶೆ ಅಂಟಿಸಿದ್ದರು. ತಾಲ್ಲೂಕಿನ ಅಷ್ಟೂ ಹಳ್ಳಿಗಳು ಒಂದೇ ಹಾಳೆಯಲ್ಲಿ. ನಮ್ಮ ಊರು ಹೆಬ್ಬೆರಳಿನ ಉಗುರಿನಷ್ಟು. ಹಳದಿ ಅಂದರೆ ವಸತಿ, ನೀಲಿ ಅಂದರೆ ಅಂಗಡಿ ಮುಂಗಟ್ಟು, ನೇರಳೆ ಅಂದರೆ ಫ್ಯಾಕ್ಟರಿ, ಕೆಂಪು ಅಂದರೆ ಶಾಲೆ ಆಸ್ಪತ್ರೆ ಥರದ ಸಾರ್ವಜನಿಕ ಜಾಗ, ಹಸಿರು ಅಂದರೆ ಪಾರ್ಕು ಅಂತ ಅಲ್ಲಿ ಕೆಲಸ ಮಾಡುವ ಹುಡುಗ ತಾಳ್ಮೆಯಿಂದ ಹೇಳಿದ. ಅವನು ಹೇಳದಿದ್ದರೆ ಗೊತ್ತಾಗುತ್ತಿರಲಿಲ್ಲ, ಯಾಕೆಂದರೆ ಮೂಲೆಯಲ್ಲಿ ಬರೆದಿದ್ದ ವಿವರ ಪೂರ್ತಿ ಇಂಗ್ಲಿಷಿನಲ್ಲಿತ್ತು. ಸರ್ವೆ ನಂಬರ್ ಓದೋಣ ಅಂತ ಮೊಬೈಲಿನಲ್ಲಿ ಫೋಟೊ ತೆಗೆದು ಹಿಗ್ಗಿಸಿದರೆ ಅಕ್ಷರವೆಲ್ಲ ಒಡೆದು ಚುಕ್ಕಿ ಚುಕ್ಕಿ. ಕೊನೆಗೆ ಒಬ್ಬರು ಸರ್ವೆ ನಂಬರ್ ತೋರಿಸುವ ಸರ್ಕಾರದ ದಿಶಾಂಕ್ ಆ್ಯಪ್ ತೆರೆದರು. ಆ ಪುಟ್ಟ ಪರದೆಯಲ್ಲಿ ಡಾಂಬರು ರಸ್ತೆ ತಿರುಗುವ ಜಾಗ, ಕೆರೆ ಏರಿಯ ತುದಿ, ಗುಂಡುತೋಪಿನ ಮೂಲೆ ಇವನ್ನೆಲ್ಲ ಗೋಡೆಯ ಮೇಲಿನ ನಕಾಶೆಗೆ ಹೊಂದಿಸಿ ಹೊಂದಿಸಿ ನಮ್ಮ ನಮ್ಮ ನಂಬರ್ ಹುಡುಕಿಕೊಂಡೆವು. ಅಷ್ಟರಲ್ಲಿ ಊಟದ ಹೊತ್ತಾಗಿತ್ತು.

ಹುಡುಕಿದ ಮೇಲೆ ಕಂಡದ್ದು ಇನ್ನೊಂದು ಸೋಜಿಗ. ನಮ್ಮ ಕೆರೆ ಕೋಡಿ ಬಿದ್ದರೆ ನೀರು ಹರಿಯುವ ಜಾಗವೆಲ್ಲ ಹಳದಿ.

ಇದು ಹೇಗಾಯಿತು ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಹಳೇ ಕೆರೆಗಳಲ್ಲಿ ತೂಬಿನ ನೀರು ಕಾಲುವೆಯಲ್ಲಿ ಅಚ್ಚುಕಟ್ಟಿಗೆ ಹೋಗುತ್ತದೆ. ಹೆಚ್ಚಾದ ನೀರು ಕೋಡಿ ಮೇಲಿಂದ ಹಳ್ಳಕ್ಕೆ ಬೀಳುತ್ತದೆ. ಗ್ರಾಮ ನಕಾಶೆಯಲ್ಲಿ ಆ ಹಳ್ಳ ಸ್ವಲ್ಪ ದೂರ ಕಾಣಿಸುತ್ತದೆ, ಆಮೇಲೆ ಗದ್ದೆ ಬಯಲಿನಲ್ಲಿ ಗೆರೆ ನಿಂತುಹೋಗುತ್ತದೆ. ಯಾಕೆಂದರೆ ಅಲ್ಲಿಂದ ಮುಂದೆ ಅದಕ್ಕೆ ಬೇರೆ ಪಾತ್ರವೇ ಇಲ್ಲ, ನೀರು ಗದ್ದೆಯಿಂದ ಗದ್ದೆಗೆ ಹರಡಿಕೊಂಡು ಕೆಳಗಿನ ಕೆರೆ ಸೇರುತ್ತಿತ್ತು. ಗದ್ದೆ ಮಾಡುವಾಗ ಅದು ತೊಂದರೆಯೇ ಅಲ್ಲ, ಎರಡು ದಿನ ನೀರು ನಿಂತರೆ ನಿಲ್ಲಲಿ. ನಕಾಶೆ ಬರೆಯುವವರು ಉಪಗ್ರಹ ಚಿತ್ರ ನೋಡಿದರು, ಒಣಗಿದ ಬಯಲು, ರಸ್ತೆ ಪಕ್ಕ, ಹಳ್ಳದ ಗುರುತು ಇಲ್ಲ, ಹಳದಿ ಬಳಿದರು. ಅವರದ್ದೇನೂ ಕೆಟ್ಟ ಉದ್ದೇಶ ಇರಲಿಕ್ಕಿಲ್ಲ. ಆದರೆ ನಮ್ಮೂರಿನ, ಕೆರೆ ನೀರು ಹಂಚುವ ನೀರಗಂಟಿ ಮನೆತನದ ಅಜ್ಜ, ಕಣ್ಣು ಸರಿಯಾಗಿ ಕಾಣದಿದ್ದರೂ, ಯಾವ ಬದುವಿನ ತನಕ ನೀರು ಬರುತ್ತದೆ ಅಂತ ಮನೆ ಜಗಲಿಯಲ್ಲಿ ಕೂತೇ ಹೇಳುತ್ತಾರೆ. ಅವರನ್ನು ಕೇಳಿದವರು ಯಾರೂ ಇಲ್ಲ. ಕೇಳುವ ಜಾಗವೇ ಆ ಕಾಯ್ದೆಯಲ್ಲಿ ಇಲ್ಲ.

ನಾವು ಬರೆದು ಕೊಟ್ಟೆವು. ಸ್ವೀಕೃತಿ ಸೀಲು ಬಿತ್ತು. ಸೀಲಿನ ಆಚೆ ಏನಾಯಿತು ಅಂತ ಇವತ್ತಿನ ತನಕ ಯಾರೂ ತಿಳಿಸಿಲ್ಲ.

ಗದ್ದೆ ಬಯಲಿಗೆ ಹಳದಿ ಬಳಿದರೆ ಏನಾಗುತ್ತದೆ ಅನ್ನುವುದಕ್ಕೆ ಉದಾಹರಣೆ ಹುಡುಕಿಕೊಂಡು ಹೋಗಬೇಕಾಗಿಲ್ಲ. 2022ರ ಸೆಪ್ಟೆಂಬರಿನಲ್ಲಿ ಸರ್ಜಾಪುರ ರಸ್ತೆ, ಬೆಳ್ಳಂದೂರು, ಹೊರ ವರ್ತುಲ ರಸ್ತೆ ಕಡೆ ಕೋಟಿಗಟ್ಟಲೆ ಬೆಲೆಯ ಮನೆಗಳಿಂದ ಜನರನ್ನು ಟ್ರ್ಯಾಕ್ಟರಿನಲ್ಲಿ ಹೊರಗೆ ತಂದರು. ಟಿವಿಯಲ್ಲಿ ಇಡೀ ದೇಶ ನೋಡಿತು. ಆ ನೀರು ಎಲ್ಲಿಂದಲೋ ಹೊಸದಾಗಿ ಬಂದದ್ದಲ್ಲ. ಮೊದಲಿಂದ ಹೋಗುತ್ತಿದ್ದ ದಾರಿಯಲ್ಲೇ ಹೋಯಿತು.

ಈಗ ಗೆರೆಯ ವಿಷಯಕ್ಕೆ ಬರುತ್ತೇನೆ, ಅಂದರೆ ನೀವು ಕಾಯಬೇಕಾಗಿದ್ದ ಗೆರೆ. 2007ರಲ್ಲಿ ಒಪ್ಪಿಗೆಯಾದ ಬೆಂಗಳೂರಿನ ಮಾಸ್ಟರ್ ಪ್ಲಾನ್ ಕೆರೆಗೆ 30 ಮೀಟರ್, ರಾಜಕಾಲುವೆಗಳಿಗೆ ಅವುಗಳ ದರ್ಜೆ ನೋಡಿ 50, 25, 15 ಮೀಟರ್ ಬಿಡಬೇಕು ಅಂತ ಹೇಳಿತ್ತು. 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರ್ ಮಾಡಿತು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಅದನ್ನು ತೆಗೆದುಹಾಕಿತು. ಹಸಿರು ನ್ಯಾಯಮಂಡಳಿಯ ಮುಂದೆ ಮತ್ತು ಸುಪ್ರೀಂ ಕೋರ್ಟಿನ ಮುಂದೆ ಯಾರ ಯಾರ ವಕೀಲರು ಎಷ್ಟು ವಾದ ಮಾಡಿದರೋ ಬಿಡಿ, ಅದರಲ್ಲಿ ಕೆರೆ ಪಕ್ಕದ ಊರಿನವರ ಪರವಾಗಿ ಮಾತಾಡಿದ ಪಂಚಾಯಿತಿ ಯಾವುದೂ ನನಗೆ ನೆನಪಿಲ್ಲ. ಆಮೇಲೆ 2025ರ ಆಗಸ್ಟಿನಲ್ಲಿ ವಿಧಾನಮಂಡಲದಲ್ಲಿ ಕೆರೆ ಪ್ರಾಧಿಕಾರದ ಕಾಯ್ದೆಗೇ ತಿದ್ದುಪಡಿ ಪಾಸು ಮಾಡಿದಿರಿ. ಕೆರೆ ದೊಡ್ಡದಿದ್ದರೆ ಅಂತರ ಜಾಸ್ತಿ, ಚಿಕ್ಕದಿದ್ದರೆ ಕಮ್ಮಿ. ನೂರು ಎಕರೆ ಮೀರಿದ್ದಕ್ಕೆ 30 ಮೀಟರ್ ಉಳಿಯಿತು. ಒಂದರಿಂದ ಹತ್ತು ಎಕರೆಯ ಕೆರೆಗೆ 6 ಮೀಟರ್.

ಆರು ಮೀಟರ್ ಅಂದರೆ ಎಷ್ಟು ಗೊತ್ತಾ? ಟ್ರೈಲರ್ ಸಿಕ್ಕಿಸಿದ ಟ್ರ್ಯಾಕ್ಟರ್ ನಿಲ್ಲಿಸಿದರೆ ಮುಗಿಯಿತು. ಕೆರೆ ಹೂಳು ತೆಗೆಯಲು ಜೆಸಿಬಿ ತಿರುಗಿಸಲೂ ಜಾಗ ಸಾಲದು. ನೂರು ಎಕರೆ ಮೀರಿದ ಕೆರೆ ಎಷ್ಟು ಹಳ್ಳಿಯಲ್ಲಿದೆ ಹೇಳಿ. ಹಳ್ಳಿಗಳಲ್ಲಿ ಇರುವುದೇ ಕಟ್ಟೆ, ಕುಂಟೆ, ಐದಾರು ಎಕರೆಯ ಕೆರೆ. ಅವುಗಳ ಸರಪಳಿಯಲ್ಲಿ ಚಿಕ್ಕದು ಮುಚ್ಚಿಹೋದರೆ ದೊಡ್ಡದಕ್ಕೆ ನೀರು ಎಲ್ಲಿಂದ ಬರಬೇಕು? ಇಲ್ಲಿ ಸ್ಥಳೀಯರಿಗೆ ಬಿಡಿ ಅಂತ ನಾನು ಕೇಳುತ್ತಿಲ್ಲ. ಇಲ್ಲಿ ನೀವೇ ಬಿಗಿಯಾಗಿರಿ ಅಂತ ಕೇಳುತ್ತಿದ್ದೇನೆ. ಪಂಚಾಯಿತಿ ಬೇಕಿದ್ದರೆ 30 ಮೀಟರನ್ನು 40 ಮಾಡಿಕೊಳ್ಳಲಿ, ಇಳಿಸುವ ಅಧಿಕಾರ ಪಂಚಾಯಿತಿಗೂ ಬೇಡ, ಪ್ರಾಧಿಕಾರಕ್ಕೂ ಬೇಡ, ಸಚಿವ ಸಂಪುಟಕ್ಕೂ ಬೇಡ.

ಹೀಗೆ ಗೆರೆ ಅಳಿಸುವುದು ಒಂದು ಕಡೆಯಾದರೆ ನೀವೇ ಹಚ್ಚಿದ ಬಣ್ಣವನ್ನು ಒಂದೊಂದೇ ಸರ್ವೆ ನಂಬರಿಗೆ ಬದಲಾಯಿಸುವುದು ಇನ್ನೊಂದು. ಅದಕ್ಕೆ ಅದೇ 1961ರ ಯೋಜನಾ ಕಾಯ್ದೆಯಲ್ಲಿ 14ಎ ಅಂತ ಒಂದು ಸೆಕ್ಷನ್ ಇದೆ. ಸಾರ್ವಜನಿಕ ಹಿತಾಸಕ್ತಿ ಇದ್ದರೆ ಭೂ ಬಳಕೆ ಬದಲಾಯಿಸಬಹುದು, ಪೇಪರಿನಲ್ಲಿ ಪ್ರಕಟಣೆ ಕೊಟ್ಟು ಕಮ್ಮಿ ಅಂದರೆ ಹದಿನೈದು ದಿನ ಆಕ್ಷೇಪಣೆಗೆ ಬಿಡಬೇಕು. ಆ ಪ್ರಕಟಣೆ ನೀವು ಯಾವತ್ತಾದರೂ ಓದಿದ್ದೀರಾ? ಶ್ರದ್ಧಾಂಜಲಿ, ಹೆಸರು ಬದಲಾವಣೆ ಜಾಹೀರಾತುಗಳ ನಡುವೆ ಇರುವೆ ಸಾಲಿನಂಥ ಅಕ್ಷರದಲ್ಲಿ ಬಂದಿರುತ್ತದೆ. ಪಕ್ಕದ ಜಮೀನಿನವನಿಗೆ ಗೊತ್ತಾಗುವುದು ಜಲ್ಲಿ ಲಾರಿ ಬಂದ ಮೇಲೆ. ಹತ್ತು ಗುಂಟೆಯಲ್ಲಿ ರಾಗಿ ಬೆಳೆಯುವವನು ಹೊಲದ ಬಣ್ಣವನ್ನು ಹಳದಿ ಮಾಡಿಸಿಕೊಂಡದ್ದನ್ನು ನಾನು ನೋಡಿಲ್ಲ. ಮಾಡಿಸಿಕೊಳ್ಳುವವರಿಗೆ ವಿಧಾನಸೌಧದ ಯಾವ ಮಹಡಿಗೆ ಹೋಗಬೇಕು ಅಂತ ಗೊತ್ತಿರುತ್ತದೆ.

ಅಕ್ರಮ ಸಕ್ರಮ ಇನ್ನೂ ಚೆನ್ನಾಗಿದೆ. ವಸತಿ ಕಟ್ಟಡದಲ್ಲಿ ಶೇ 50ರ ತನಕ, ವಾಣಿಜ್ಯ ಕಟ್ಟಡದಲ್ಲಿ ಶೇ 25ರ ತನಕ ನಿಯಮ ಮೀರಿದ್ದರೂ ದಂಡ ಕಟ್ಟಿಸಿಕೊಂಡು ಸರಿ ಮಾಡುತ್ತೇವೆ ಅಂದಿರಿ. ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ತಡೆ ಕೊಟ್ಟಿತು. ನಿಯಮ ಮಾಡಿದವರೇ ಅರ್ಧ ನಿಯಮಕ್ಕೆ ರೇಟು ಕಟ್ಟಿದರೆ ಉಳಿದರ್ಧ ನಿಯಮವನ್ನು ಯಾರು ಲೆಕ್ಕಕ್ಕೆ ಇಟ್ಟುಕೊಳ್ಳುತ್ತಾರೆ?

ಬೆಂಗಳೂರಿನದ್ದನ್ನೇ ನೋಡಿ. 2031ರ ಮಾಸ್ಟರ್ ಪ್ಲಾನಿನ ಕರಡು 2017ರ ನವೆಂಬರಿನಲ್ಲಿ ಬಂತು, ಸಾವಿರಾರು ಆಕ್ಷೇಪಣೆ ಬಂದವು, ಕೊನೆಗೆ 2020ರಲ್ಲಿ ಸರ್ಕಾರ ವಾಪಸ್ ತೆಗೆದುಕೊಂಡಿತು. ಹಾಗಾಗಿ ಇಷ್ಟು ದೊಡ್ಡ ನಗರ 2015ಕ್ಕೆ ಅಂತ ಬರೆದ ನಕಾಶೆಯ ಮೇಲೆ ಈಗಲೂ ಓಡುತ್ತಿದೆ. ಎಲ್ಲವನ್ನೂ ಮೇಲಿಂದಲೇ ಮಾಡಿದರೆ ಬೇಗ ಆಗುತ್ತದೆ ಅನ್ನುವವರು ಇದಕ್ಕೆ ಏನು ಹೇಳುತ್ತಾರೋ. ನಗರದ ಹೊರಗೆ ಸುತ್ತಿ ಹೋಗಬೇಕಿದ್ದ ಪೆರಿಫೆರಲ್ ರಿಂಗ್ ರಸ್ತೆಗೆ 2007ರಲ್ಲೇ ಅಂತಿಮ ಅಧಿಸೂಚನೆ ಆಯಿತು, ಸುಮಾರು 1,800 ಎಕರೆ. ಆಗ ಹುಟ್ಟಿದ ಮಗು ಈಗ ಮತದಾರ. ಆ ಜಮೀನಿನವರು ಮಾರಲೂ ಆಗದೆ, ಮನೆ ಕಟ್ಟಲೂ ಆಗದೆ, ಸಾಲ ತೆಗೆಯಲೂ ಆಗದೆ ಕೂತರು. ಯೋಜನೆಯ ಹೆಸರು ಮಾತ್ರ ಬದಲಾಯಿತು, ಈಗ ಅದು ಬಿಸಿನೆಸ್ ಕಾರಿಡಾರ್.

ಸಂವಿಧಾನ ಇದನ್ನೆಲ್ಲ ಬೇರೆ ಥರ ಯೋಚಿಸಿತ್ತು ಸ್ವಾಮಿ. 74ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರ ಜೂನ್ 1ಕ್ಕೆ. ನಗರ ಸಂಸ್ಥೆಗಳಿಗೆ ಕೊಡಬಹುದಾದ 18 ಕೆಲಸಗಳ ಪಟ್ಟಿಯಲ್ಲಿ ಮೊದಲನೆಯದೇ ನಗರ ಯೋಜನೆ, ಎರಡನೆಯದು ಭೂ ಬಳಕೆ ಮತ್ತು ಕಟ್ಟಡಗಳ ನಿಯಂತ್ರಣ. ಇನ್ನು 243ಝಡ್‌ಡಿ ವಿಧಿಯ ಪ್ರಕಾರ ಪ್ರತಿ ಜಿಲ್ಲೆಗೂ ಒಂದು ಯೋಜನಾ ಸಮಿತಿ ಇರಬೇಕು. ಅದರ ಐದರಲ್ಲಿ ನಾಲ್ಕು ಪಾಲು ಸದಸ್ಯರು ಜಿಲ್ಲಾ ಪಂಚಾಯಿತಿ ಮತ್ತು ನಗರ ಸಂಸ್ಥೆಗಳಿಗೆ ಗೆದ್ದು ಬಂದವರು, ಅವರೇ ತಮ್ಮೊಳಗಿಂದ ಆರಿಸಿದವರು. ಪಂಚಾಯಿತಿಗಳು ಮತ್ತು ನಗರ ಸಂಸ್ಥೆಗಳು ಮಾಡಿದ ಯೋಜನೆಗಳನ್ನು ಒಟ್ಟು ಸೇರಿಸುವುದು ಈ ಸಮಿತಿಯ ಕೆಲಸ. ಯಾವ ಜಾಗ ಯಾವುದಕ್ಕೆ ಅನ್ನುವ ಯೋಜನೆ, ನೀರು ಹಂಚಿಕೆ, ಇವೆಲ್ಲ ಅದರ ಪಟ್ಟಿಯಲ್ಲೇ ಇವೆ. ಅಂದರೆ ಕೆಳಗಿಂದ ಬಂದದ್ದನ್ನು ಮೇಲೆ ಹೊಲಿಯಬೇಕು. ನಮ್ಮಲ್ಲಿ ಮೇಲೆ ಹೊಲಿದು ಕೆಳಗೆ ತೊಡಿಸುತ್ತಾರೆ.

ಜಿಲ್ಲಾ ಪಂಚಾಯಿತಿ ಅಂದೆನಲ್ಲ, ಅದು ಎಲ್ಲಿದೆ? ಜಿಲ್ಲಾ, ತಾಲ್ಲೂಕು ಪಂಚಾಯಿತಿ ಚುನಾವಣೆ ನಡೆದದ್ದು 2016ರಲ್ಲಿ. 2021ಕ್ಕೆ ಅವಧಿ ಮುಗಿಯಿತು. ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ವರ್ಷಗಳು ಉರುಳಿದವು, ಬಿಜೆಪಿ ಸರ್ಕಾರ ಹೋಗಿ ಕಾಂಗ್ರೆಸ್ ಸರ್ಕಾರ ಬಂತು, ಈ ವಿಷಯದಲ್ಲಿ ಮಾತ್ರ ಎರಡೂ ಪಕ್ಷಕ್ಕೆ ಒಮ್ಮತ. ಬೆಂಗಳೂರು ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರಿಗೆ ಮುಗಿದಿತ್ತು. ಅದನ್ನು ಐದು ಪಾಲಿಕೆ ಮಾಡಿದಿರಿ, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಕೂರಿಸಿದಿರಿ, ಅದಕ್ಕೆ ಮುಖ್ಯಮಂತ್ರಿಗಳೇ ಅಧ್ಯಕ್ಷರು. ಮುಖ್ಯಮಂತ್ರಿಗಳಿಗೆ ಬೇರೆ ಕೆಲಸ ಇಲ್ವಾ? ಅಬ್ದುಲ್ ನಜೀರ್ ಸಾಬ್ ಅಂಥವರು ಪಂಚಾಯತ್ ರಾಜ್ ಸಚಿವರಾಗಿದ್ದ ರಾಜ್ಯ ಇದು. ಪಂಚಾಯಿತಿಗಳಿಗೆ ಸಂವಿಧಾನದಲ್ಲಿ ಸ್ಥಾನ ಕೊಟ್ಟ 73ನೇ ತಿದ್ದುಪಡಿ ಬರುವುದಕ್ಕೂ ಮೊದಲೇ, 1987ರಲ್ಲಿ, ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗೆ ಚುನಾವಣೆ ನಡೆಸಿ ಬೇರೆ ರಾಜ್ಯದವರು ಬಂದು ನೋಡಿಕೊಂಡು ಹೋಗುವ ಹಾಗೆ ಮಾಡಿದ್ದೆವು.

ಈಗ ನೀವು ಕೇಳುವ ಪ್ರಶ್ನೆ ನನಗೆ ಗೊತ್ತು. ಪಂಚಾಯಿತಿಯವರೇನು ಸಾಚಾನಾ?

ಅಲ್ಲ. ಅದನ್ನು ಮುಚ್ಚಿಡುವ ಅಗತ್ಯ ಇಲ್ಲ. ರೆವಿನ್ಯೂ ಸೈಟುಗಳಿಗೆ ಖಾತೆ ಬರೆದುಕೊಟ್ಟವರು ಯಾರು? ಕನ್ವರ್ಷನ್ ಇಲ್ಲ, ಲೇಔಟ್ ಅನುಮೋದನೆ ಇಲ್ಲ, ಇಪ್ಪತ್ತು ಅಡಿ ರಸ್ತೆ ಬಿಟ್ಟು ಕಲ್ಲು ನೆಟ್ಟು ಮಾರಿದ ಜಾಗಕ್ಕೆ ನಮೂನೆ 11ಬಿ ಅನ್ನುವ ಪಂಚಾಯಿತಿ ಖಾತೆ ಕೊಟ್ಟು ಅದರ ಮೇಲೆ ರಿಜಿಸ್ಟ್ರೇಷನ್ನೂ ಆಗಿ, ಬೆಂಗಳೂರಿನಲ್ಲಿ ಆಟೊ ಓಡಿಸುವವರು, ಗಾರ್ಮೆಂಟ್ಸ್‌ನಲ್ಲಿ ದುಡಿಯುವವರು ಹತ್ತು ವರ್ಷದ ಉಳಿತಾಯ ಸುರಿದು ಕೊಂಡುಕೊಂಡರು. ಪಂಚಾಯಿತಿ ಸದಸ್ಯರಲ್ಲಿ ಸೈಟ್ ವ್ಯವಹಾರ ಮಾಡುವವರು ಎಷ್ಟು ಜನ ಅಂತ ನಮ್ಮ ಕಡೆ ಬಂದು ಕೇಳಿ, ಟೀ ಅಂಗಡಿಯಲ್ಲೇ ಲೆಕ್ಕ ಸಿಗುತ್ತದೆ. ಆದರೆ ಒಂದು ಮಾತು. ಪಂಚಾಯಿತಿಯಲ್ಲಿ ತಪ್ಪಾದರೆ ನನಗೆ ಆ ಸದಸ್ಯನ ಮನೆ ಗೊತ್ತು. ಗ್ರಾಮಸಭೆಯಲ್ಲಿ ಎದ್ದು ನಿಂತು ಬೈಯಬಹುದು, ಮುಂದಿನ ಸಲ ಸೋಲಿಸಬಹುದು, ಸೋಲಿಸಿಯೂ ಇದ್ದೇವೆ. ಪ್ರಾಧಿಕಾರದಲ್ಲಿ ತಪ್ಪಾದರೆ ಯಾರನ್ನು ಹಿಡಿಯುವುದು? ಅಧಿಕಾರಿಗೆ ವರ್ಗ ಆಗಿರುತ್ತದೆ, ಅಧ್ಯಕ್ಷರು ಬದಲಾಗಿರುತ್ತಾರೆ. ಮೈಸೂರಿನ ನಗರಾಭಿವೃದ್ಧಿ ಪ್ರಾಧಿಕಾರದ, ಅಂದರೆ ಮುಡಾದ, ನಿವೇಶನ ಹಂಚಿಕೆ ಗಲಾಟೆ ಆದದ್ದು ಯಾವುದೋ ಗ್ರಾಮ ಪಂಚಾಯಿತಿಯಲ್ಲಿ ಅಲ್ಲವಲ್ಲ.

ಇದಕ್ಕಿಂತ ಕಷ್ಟದ ಪ್ರಶ್ನೆ ಇನ್ನೊಂದಿದೆ, ಅದನ್ನು ನೀವು ಕೇಳುವುದಿಲ್ಲ, ನಾನೇ ಕೇಳಿಕೊಳ್ಳುತ್ತೇನೆ. ಊರು ಅಂದರೆ ಯಾರು? ಪೂರ್ತಿ ಊರಿಗೆ ಬಿಟ್ಟರೆ ದಲಿತರ ಸ್ಮಶಾನಕ್ಕೆ ಜಾಗ ಎಲ್ಲಿ ಬೀಳುತ್ತದೆ ಅಂತ ನನಗೆ ಗೊತ್ತು. ಹಳ್ಳದ ದಂಡೆಯಲ್ಲಿ ಬೀಳುತ್ತದೆ, ಮಳೆ ಬಂದರೆ ಹೆಣ ಹೊತ್ತುಕೊಂಡು ನೀರಿನಲ್ಲಿ ನಡೆಯಬೇಕು. ಇಲ್ಲವೇ ಬೀಳುವುದೇ ಇಲ್ಲ. ಪ್ರತಿ ಹಳ್ಳಿಗೂ ಸ್ಮಶಾನದ ಜಾಗ ಕೊಡಿ ಅಂತ ಹೈಕೋರ್ಟು ಸರ್ಕಾರದ ಬೆನ್ನು ಬೀಳಬೇಕಾಯಿತು ಅಂದರೆ ಊರುಗಳು ತಾವಾಗಿಯೇ ಎಷ್ಟು ಕೊಟ್ಟಿದ್ದವು ಅಂತ ಲೆಕ್ಕ ಹಾಕಿ. ಆಶ್ರಯ ಮನೆ ನಮ್ಮ ಪಕ್ಕ ಬೇಡ, ಅಂಗನವಾಡಿ ಆ ಕೇರಿಯಲ್ಲಿ ಬೇಡ. ನಗರದ ಬಡಾವಣೆಯವರೇನೂ ಕಮ್ಮಿಯಿಲ್ಲ. ಪಿಜಿ ಬೇಡ, ಕಸ ವಿಂಗಡಿಸುವ ಶೆಡ್ ಬೇಡ, ತರಕಾರಿ ಗಾಡಿ ಬೇಡ. ಯಾರಿಗೂ ಬೇಡವಾದ ಆ ಕಸವೇ ವರ್ಷಗಟ್ಟಲೆ ಬೆಂಗಳೂರಿನ ಅಂಚಿನ ಮಂಡೂರು ಹಳ್ಳಿಗೆ ಹೋಯಿತು. ಅಲ್ಲಿನ ಜನ ಲಾರಿ ತಡೆದು ತಡೆದು 2014ರ ಕೊನೆಗೆ ನಿಲ್ಲಿಸಿದರು. ಆಮೇಲೆ ಅದು ಇನ್ನೊಂದು ಹಳ್ಳಿ ಹುಡುಕಿಕೊಂಡು ಹೋಯಿತು.

ಅದಕ್ಕೇ ಎಲ್ಲವನ್ನೂ ನಮಗೆ ಕೊಡಿ ಅಂತ ನಾನು ಕೇಳುವುದಿಲ್ಲ. ಕೆರೆ, ರಾಜಕಾಲುವೆ, ಗೋಮಾಳ, ಸ್ಮಶಾನ, ನಿವೇಶನ ಇಲ್ಲದವರಿಗೆ ಜಾಗ, ಬೆಂಕಿ ಎಂಜಿನ್ ಹೋಗುವಷ್ಟು ರಸ್ತೆ, ಪ್ರತಿ ಊರೂ ತನ್ನ ಕಸವನ್ನು ತಾನೇ ನೋಡಿಕೊಳ್ಳುವ ಜಾಗ, ಇವು ರಾಜ್ಯದ ನಿಯಮ ಆಗಿರಲಿ. ಕಮ್ಮಿ ಮಾಡಲು ಬಾರದ ನಿಯಮ. ಇಷ್ಟನ್ನು ಮೊದಲು ನಕಾಶೆಯಲ್ಲಿ ಗುರುತು ಹಾಕಿ ಕೊಡಿ. ಉಳಿದ ಜಾಗಕ್ಕೆ ಬಣ್ಣ ನಾವು ಹಚ್ಚುತ್ತೇವೆ.

ಹೀಗೆ ಮಾಡಲು ಬರುತ್ತಾ ಅಂತ ಅನುಮಾನ ಇದ್ದರೆ ಪಕ್ಕದ ಕೇರಳ ನೋಡಿ. 2008ರಲ್ಲಿ ಅವರು ಭತ್ತದ ಗದ್ದೆ ಮತ್ತು ಜೌಗು ಪ್ರದೇಶ ಉಳಿಸಲು ಒಂದು ಕಾಯ್ದೆ ಮಾಡಿದರು. ಗದ್ದೆ ಮುಚ್ಚುವ ಹಾಗಿಲ್ಲ ಅನ್ನುವ ನಿಯಮ ರಾಜ್ಯದ್ದು. ಯಾವುದು ಗದ್ದೆ ಅಂತ ಸರ್ವೆ ನಂಬರ್ ಸಮೇತ ಪಟ್ಟಿ ಮಾಡುವುದು ಊರಿನ ಸಮಿತಿ. ಪಂಚಾಯಿತಿ ಅಧ್ಯಕ್ಷರು ಅದರ ಮುಖ್ಯಸ್ಥರು, ಕೃಷಿ ಅಧಿಕಾರಿ ಸಂಚಾಲಕರು, ಗ್ರಾಮಾಧಿಕಾರಿ ಇರುತ್ತಾರೆ, ರೈತರ ಪ್ರತಿನಿಧಿಗಳಿರುತ್ತಾರೆ. ಆಮೇಲೆ 2018ರಲ್ಲಿ ಅದಕ್ಕೂ ತಿದ್ದುಪಡಿ ಬಂತು, ತೂತು ಬಿತ್ತು, ಅಲ್ಲಿಯೂ ಎಲ್ಲ ಸರಿಯಿದೆ ಅಂತ ನಾನು ಹೇಳುತ್ತಿಲ್ಲ. ಆದರೆ ಯಾರ ಕೆಲಸ ಯಾವುದು ಅನ್ನುವುದು ಅಲ್ಲಿ ಸ್ಪಷ್ಟವಾಗಿದೆ. ನಮ್ಮ ಕೋಡಿ ಬಯಲು ಅಂಥ ಪಟ್ಟಿಯಲ್ಲಿ ತಪ್ಪಿಹೋಗುತ್ತಿರಲಿಲ್ಲ.

ಊರನ್ನು ಮೊದಲೇ ಕೇಳಿದರೆ ಯೋಜನೆಗಳು ನಿಂತುಹೋಗುತ್ತವೆ, ಬಂಡವಾಳ ಆಂಧ್ರಕ್ಕೋ ತಮಿಳುನಾಡಿಗೋ ಓಡಿಹೋಗುತ್ತದೆ ಅಂತ ಹೆದರಿಸುತ್ತೀರಿ. ಕೇಳದೆ ಹೋದದ್ದರಿಂದ ಏನು ಉಳಿಯಿತು? ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯಲ್ಲಿ 13 ಹಳ್ಳಿಗಳ 1,777 ಎಕರೆಗೆ ಕೈ ಹಾಕಿದಿರಿ. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಕಾಯ್ದೆ 1966ರದ್ದು, ಅದರಲ್ಲಿ ಗ್ರಾಮಸಭೆಯ ಮಾತೇ ಇಲ್ಲ. ಕೇಂದ್ರದ 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಸಾಮಾಜಿಕ ಪರಿಣಾಮ ಅಧ್ಯಯನ, ಖಾಸಗಿ ಕಂಪನಿಗಾದರೆ ಶೇ 80ರಷ್ಟು ಜನರ ಒಪ್ಪಿಗೆ ಅಂತೆಲ್ಲ ಇದೆ, ಅದನ್ನು ಸುತ್ತಿ ಹೋಗಲು ಈ ಹಳೇ ದಾರಿ. ಆಗಿದ್ದೇನು? 2022ರ ಏಪ್ರಿಲ್‌ನಲ್ಲಿ ಧರಣಿ ಕೂತವರು ಏಳಲೇ ಇಲ್ಲ. ಮೂರು ವರ್ಷಕ್ಕೂ ಜಾಸ್ತಿ. ಹೂವು, ತರಕಾರಿ, ರೇಷ್ಮೆ, ದ್ರಾಕ್ಷಿ ಬೆಳೆಯುವ ಜನ ಕೆಲಸ ಬಿಟ್ಟು ಸರದಿ ಹಾಕಿಕೊಂಡು ಕೂತರು. 2025ರ ಜುಲೈ 15ಕ್ಕೆ ಮುಖ್ಯಮಂತ್ರಿಗಳು ಸ್ವಾಧೀನ ಕೈಬಿಟ್ಟಿದ್ದೇವೆ, ಇಷ್ಟಪಟ್ಟು ಕೊಡುವವರಿಂದ ಮಾತ್ರ ತೆಗೆದುಕೊಳ್ಳುತ್ತೇವೆ ಅಂದರು. ಆ ಮಾತನ್ನು ಮೊದಲ ವಾರವೇ ಹದಿಮೂರು ಗ್ರಾಮಸಭೆ ಕರೆದು ಹೇಳಿದ್ದರೆ ಮೂರು ವರ್ಷ ಉಳಿಯುತ್ತಿತ್ತು, ಅವರಿಗೂ ನಿಮಗೂ. ಆ ತೀರ್ಮಾನದ ಖುಷಿ ಮುಗಿಯುವ ಮೊದಲೇ ಬಿಡದಿ ಕಡೆ ಒಂಬತ್ತು ಹಳ್ಳಿಯ 7,000 ಎಕರೆಗೂ ಜಾಸ್ತಿ ಜಾಗದಲ್ಲಿ ಟೌನ್‌ಶಿಪ್ ಅಂತ ಅಲ್ಲಿನ ರೈತರು ಬೀದಿಗೆ ಬಂದಿದ್ದಾರೆ.

ಇನ್ನು ಏನು ಮಾಡಬೇಕು ಅನ್ನುವುದು. ಕಾಯ್ದೆ ಪೂರ್ತಿ ಬದಲಾಯಿಸಲು ಟೈಮ್ ಬೇಕು, ಗೊತ್ತು. ಅದಕ್ಕೆ ಮೊದಲೇ, ಬರೀ ಸರ್ಕಾರಿ ಆದೇಶದಲ್ಲಿ ಮಾಡಬಹುದಾದ್ದು ಬೇಕಾದಷ್ಟಿದೆ. ಯಾವುದೇ ಪ್ರಾಧಿಕಾರ ಕರಡು ಶುರು ಮಾಡುವ ಮೊದಲು ಅದರ ವ್ಯಾಪ್ತಿಯ ಪ್ರತಿ ಗ್ರಾಮ ಪಂಚಾಯಿತಿಗೂ ಆ ಊರಿನ ಗ್ರಾಮ ನಕಾಶೆಯನ್ನು ದೊಡ್ಡದಾಗಿ, ಸರ್ವೆ ನಂಬರ್ ಓದಲು ಬರುವ ಹಾಗೆ, ಕನ್ನಡದಲ್ಲಿ ಪ್ರಿಂಟ್ ಮಾಡಿ ಕಳಿಸಿ. ವಾರ್ಡ್ ಸಭೆಯಲ್ಲಿ ನೆಲದ ಮೇಲೆ ಹಾಸಿ, ಕೇರಿ ಕೇರಿಯವರೂ ಬಂದು ಗುರುತು ಹಾಕಲಿ, ದಲಿತ ಕೇರಿಯ ಸಭೆ ಬೇರೆಯಾಗಿಯೇ ಆಗಲಿ. ಆ ಹಾಳೆ ಸಮೇತ ಕರಡು ಮಾಡಿ. ಪಂಚಾಯಿತಿ ಹೇಳಿದ್ದನ್ನು ಒಪ್ಪದಿದ್ದರೆ ಯಾಕೆ ಒಪ್ಪಲಿಲ್ಲ ಅಂತ ಎರಡು ಸಾಲು ಕಾರಣ ಬರೆಯಿರಿ. ಸೀಲು ಹೊಡೆದು ಕಳಿಸಬೇಡಿ. 14ಎ ಬದಲಾವಣೆ ಬಂದರೆ ಪೇಪರಿನ ಮೂಲೆಯ ಜೊತೆಗೆ ಆ ಜಮೀನಿನಲ್ಲೇ ಒಂದು ಬೋರ್ಡ್ ನೆಡಿ, ಗ್ರಾಮಸಭೆಯಲ್ಲಿ ಓದಿ ಹೇಳಿ. ಡಿಸಿ ಕನ್ವರ್ಷನ್ ಕೊಡುವಾಗ ಆ ಊರಿನ ಹಾಳೆ ಎದುರಿಗೆ ಇರಲಿ. ಪ್ರಾಧಿಕಾರದ ಅಧ್ಯಕ್ಷರ ಕುರ್ಚಿಗೆ ಆ ಪ್ರದೇಶದಲ್ಲಿ ಗೆದ್ದು ಬಂದ ಪಂಚಾಯಿತಿ, ಪುರಸಭೆ ಸದಸ್ಯರೇ ಒಬ್ಬರನ್ನು ಆರಿಸಲಿ. ಕೊನೆಯದಕ್ಕೆ ಕಾಯ್ದೆ ತಿದ್ದಬೇಕಾಗುತ್ತದೆ, ಉಳಿದದ್ದಕ್ಕೆ ಇಲ್ಲ.

ಇದಕ್ಕೆಲ್ಲ ಕೆಳಗೆ ಯಾರಾದರೂ ಇರಬೇಕಲ್ಲ, ಅದು ದೊಡ್ಡ ಚಿಂತೆ. ಗ್ರಾಮ ಪಂಚಾಯಿತಿಗಳಿಗೆ ಚುನಾವಣೆ ಆದದ್ದು 2020ರ ಡಿಸೆಂಬರಿನಲ್ಲಿ, ಅವರ ಅವಧಿಯೂ ಐದೇ ವರ್ಷ. ಜಿಲ್ಲಾ ಪಂಚಾಯಿತಿಗೆ ಮಾಡಿದ್ದನ್ನೇ ಇಲ್ಲಿಯೂ ಮಾಡಿ ಆಡಳಿತಾಧಿಕಾರಿ ಕೂರಿಸಿದರೆ, ಪ್ರಾಧಿಕಾರದ ಕರಡು ಬಂದ ದಿನ ಅದನ್ನು ತೆಗೆದುಕೊಂಡು ಊರಿನವರನ್ನು ಕರೆಯುವವರು ಯಾರೂ ಇರುವುದಿಲ್ಲ. ಅಧಿಕಾರಿ ಕಳಿಸಿದ್ದನ್ನು ಇನ್ನೊಬ್ಬ ಅಧಿಕಾರಿ ಸಹಿ ಮಾಡಿ ವಾಪಸ್ ಕಳಿಸುತ್ತಾರೆ, ಸ್ಥಳೀಯ ಸಂಸ್ಥೆಯ ಒಪ್ಪಿಗೆ ಪಡೆಯಲಾಗಿದೆ ಅಂತ ಫೈಲಿನಲ್ಲಿ ಬರೆದುಕೊಳ್ಳಬಹುದು. ಆದ್ದರಿಂದ ಮೂರೂ ಹಂತದ ಪಂಚಾಯಿತಿ ಚುನಾವಣೆಯ ದಿನಾಂಕ ಹೇಳಿ. ಅದು ಮುಗಿದು, ಗೆದ್ದವರು ಕುರ್ಚಿಯಲ್ಲಿ ಕೂರುವ ತನಕ ನಮ್ಮ ಭಾಗದ ಯಾವ ಹೊಸ ಕರಡಿಗೂ ತಾತ್ಕಾಲಿಕ ಒಪ್ಪಿಗೆ ಕೊಡಬೇಡಿ.

ಇಂತಿ,
ಬೆಂಗಳೂರು ಅಂಚಿನ ಒಬ್ಬ ಪಂಚಾಯಿತಿ ತೆರಿಗೆದಾರ